ಇಪ್ಪತ್ತು ಸಾವಿರದಾಚೆ

“ಹೊಸ ಮೈಕಿಗೆ ದೆವ್ವ ಹಿಡಿದಿದೆ ಚಿಕ್ಕಪ್ಪ,” ಎಂದಳು ಅಣ್ಣನ ಮಗಳು, ಕಂಪ್ಯೂಟರಿನ ತೆರೆಯ ಮೇಲೆ ಬೆರಳಿಟ್ಟು. ಧ್ವನಿಮುದ್ರಣಕ್ಕೆ ಮೊದಲು ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ಹಿಡಿದಿಡುವುದು ಆ ಸ್ಟುಡಿಯೋದ ವಾಡಿಕೆ. ಇವತ್ತಿನ ಮೌನದಲ್ಲಿ, ಅರವತ್ತು ಸಾವಿರ ಹರ್ಟ್ಸ್‌ ಎತ್ತರದಲ್ಲಿ, ಯಾರೋ ಉಗುರಿನಿಂದ ಗೀಚಿದಂಥ ಗೆರೆಗಳು.

ಚಿಕ್ಕಪ್ಪ ಹೆಡ್‌ಫೋನ್ ಏರಿಸಿಕೊಂಡ. ನಲವತ್ತು ವರ್ಷ ಕಿವಿಯನ್ನೇ ನಂಬಿ ಬದುಕಿದವನು. ಏನೂ ಕೇಳಲಿಲ್ಲ.

“ಅಳಿಸಿ ಹಾಕು. ಎಂಥ ಎಳೆ ಕಿವಿಯೂ ಇಪ್ಪತ್ತು ಸಾವಿರ ದಾಟಲ್ಲ. ನಂದಂತೂ ಹತ್ತು ಸಾವಿರಕ್ಕೇ ಅಂಗಡಿ ಮುಚ್ಚಿದೆ. ಇನ್ನರ್ಧ ಗಂಟೆಗೆ ಕಥೆ ಓದೋ ಮೇಡಂ ಬರ್ತಾರೆ.”

“ನಮಗೆ ಕೇಳಿಸಲಿಲ್ಲ ಅಂದ್ರೆ ಇಲ್ಲವೇ ಇಲ್ವಾ? ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಲಕ್ಷ ಸಲ ದನಿ ಅಳೆಯುತ್ತೆ ಈ ಯಂತ್ರ. ಇರು, ಹತ್ತು ಪಟ್ಟು ನಿಧಾನ ಮಾಡ್ತೀನಿ.”

ಸ್ಪೀಕರಿನಿಂದ ಬಂದದ್ದು ಯಂತ್ರದ ಗೊರಗೊರ ಅಲ್ಲ. ಸಣ್ಣ, ಎಳೆದ ಕೂಗು. ಕರೆದು, ಕಾದು, ಮತ್ತೆ ಕರೆಯುವುದು. ಒಂದಲ್ಲ, ನಾಲ್ಕೈದು ಕಂಠ. ಚಿಕ್ಕಪ್ಪ ಹೆಡ್‌ಫೋನ್ ಕಿತ್ತಿಟ್ಟು ಎದ್ದ.

ಇಬ್ಬರೂ ಗಾಜಿನಾಚೆಯ ಧ್ವನಿಮುದ್ರಣದ ಕೋಣೆಗೆ ನುಗ್ಗಿದರು. ಮೈಕಿನ ಪಕ್ಕದ ಗೋಡೆಗೆ ಹೊದಿಸಿದ್ದ ಬಟ್ಟೆಯನ್ನು ಅವಳು ಎತ್ತಿದಳು. ಹತ್ತಿಯ ಚೂರುಗಳ ನಡುವೆ ಬೆರಳ ತುದಿಯಷ್ಟು ದೊಡ್ಡ ಐದು ಇಲಿಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಚಿಕ್ಕಪ್ಪ ಮಂಡಿಯೂರಿ ಕಿವಿಯನ್ನು ಗೇಣು ದೂರಕ್ಕೆ ತಂದ. ಅವು ಜೀವ ಹೋಗುವಂತೆ ಅರಚುತ್ತಿದ್ದವು. ಅವನಿಗೆ ಕೇಳಿದ್ದು ತನ್ನ ಉಸಿರು ಮಾತ್ರ.

“ಅಯ್ಯೋ, ಬೀದಿ ಸದ್ದು ಬರುತ್ತೆ ಅಂತ ಬೆಳಗ್ಗೆ ಆ ಮೂಲೆ ತೂತಿಗೆ ಗಾರೆ ಮೆತ್ತಿದ್ದು ನಾನೇ ಕಣೇ! ಇವುಗಳಮ್ಮ ಹೊರಗೇ ಉಳಿದುಬಿಟ್ಟಿದೆ!”

ಸ್ಕ್ರೂಡ್ರೈವರಿನಿಂದ ಗಾರೆ ಕೆರೆದು, ತೂತು ಬಿಡಿಸಿ, ಮತ್ತೆ ಗಾಜಿನ ಈಚೆಗೆ ಬಂದು ತೆರೆಯ ಮುಂದೆ ಕೂತರು. ಗೆರೆಗಳು ಬೀಳುತ್ತಲೇ ಇದ್ದವು. ಎಷ್ಟೋ ಹೊತ್ತಿನ ಮೇಲೆ ಬಟ್ಟೆಯ ಅಂಚು ಅಲುಗಿತು. ಗೆರೆಗಳು ವಿರಳವಾದವು. ಕೊನೆಗೆ ಒಂದೇ ಒಂದು, ಅದೂ ನಿಂತು, ತೆರೆ ಪೂರ್ತಿ ಕಪ್ಪಾಯಿತು. ಚಿಕ್ಕಪ್ಪ ತನಗೇ ಗೊತ್ತಿಲ್ಲದೆ ಕೈ ಮುಗಿದಿದ್ದ.

ಅಷ್ಟರಲ್ಲಿ ಬಂದ ಮೇಡಂ ಗಾಜಿನಲ್ಲಿ ಇಣುಕಿ, “ಕೋಣೆ ಖಾಲಿಯೇ ಇದೆಯಲ್ಲ, ಶುರು ಮಾಡೋಣ್ವಾ?” ಎಂದರು.

ಚಿಕ್ಕಪ್ಪ ತುಟಿಗೆ ಬೆರಳಿಟ್ಟ. “ಸ್ವಲ್ಪ ತಡೀರಿ ಮೇಡಂ. ಒಳಗೆ ಮಕ್ಕಳು ಹಾಲು ಕುಡೀತಿದಾರೆ.”