ಮಂಗಳವಾಗದ ಹಾಡು

ಲವಂಗದ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ನೈರೋಬಿಯ ಒಂದು ಮಟಾಟು ಬಸ್ಸು ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಮೈಸೂರಿನಿಂದ ಬಂದಿದ್ದ ಅಜ್ಜಿ ನನ್ನ ಹುಳುಕು ಹಲ್ಲು ಕೀಳಿಸಲು ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಬಸ್ಸಿನಲ್ಲಿ ಸೀಟು ನಡುಗುವಷ್ಟು ಜೋರಾಗಿ ರೆಗ್ಗೆ ಹಾಡು.

“ಏನಂತೆ ಈ ಹಾಡೋನಿಗೆ? ಕೇಳೇ,” ಎಂದರು ಅಜ್ಜಿ.

ಕಂಡಕ್ಟರನ್ನು ಕೇಳಿದೆ. ಹಾಡುವವನು ಜಮೈಕಾದವನು, ಅವನ ಹಿರಿಯರನ್ನು ಗುಲಾಮರನ್ನಾಗಿ ಆಫ್ರಿಕಾದಿಂದ ಹಡಗಿನಲ್ಲಿ ಹೊತ್ತೊಯ್ದಿದ್ದರು, ನನ್ನನ್ನು ಊರಿಗೆ ಕರೆಸಿಕೋ ಎಂದು ದೇವರನ್ನು ಬೇಡುತ್ತಿದ್ದಾನೆ ಎಂದ. ಅದನ್ನೇ ಅಜ್ಜಿಗೆ ಹೇಳಿದೆ.

“ಅಯ್ಯೋ ಪಾಪ,” ಎಂದ ಅಜ್ಜಿ ಚಪ್ಪಲಿ ಕಳಚಿಟ್ಟು, ತೊಡೆಯ ಮೇಲೆ ತಾಳ ಹಾಕತೊಡಗಿದರು.

ನಮ್ಮ ಸ್ಟಾಪ್ ಬಂತು. ಅಜ್ಜಿ ಏಳಲಿಲ್ಲ. “ಭಜನೆ ಮಧ್ಯೆ ಎದ್ದು ಹೋಗಬಾರದು ಕಣೇ. ಮಂಗಳ ಆಗ್ಲಿ.”

ಹಾಡಿಗೆ ಹಾಡು ಬೆಸೆದ ಆ ಸಂಗೀತಕ್ಕೆ ಕೊನೆಯೇ ಇಲ್ಲವೆಂದು ನನಗೆ ಗೊತ್ತಿತ್ತು. ಲವಂಗದ ಎಣ್ಣೆಯ ಹತ್ತಿಯನ್ನು ಹಲ್ಲಿಗೆ ಒತ್ತಿ, ಕೆನ್ನೆ ಹಿಡಿದುಕೊಂಡು ಕೂತೆ.

ಕೊನೆಯ ಸ್ಟಾಪ್ ಎಂಬಕಸಿಯಲ್ಲಿ ಡ್ರೈವರ್ ಇಂಜಿನ್ ಆರಿಸಿದ. ಹಾಡೂ ನಿಂತಿತು. ಅಜ್ಜಿ ಕೈಮುಗಿದರು.

“ಡಾಕ್ಟರ್ ಎಲ್ಲೇ?”

“ಹಿಂದೇನೇ ಹೋಯ್ತಜ್ಜಿ. ಇದೇ ಬಸ್ಸಲ್ಲಿ ವಾಪಸ್ ಹೋಗ್ಬೇಕು.”

ಅಜ್ಜಿ ಕಳಚಿಟ್ಟ ಚಪ್ಪಲಿಯನ್ನು ಸೀಟಿನಡಿಗೆ ಸರಿಸಿದರು. “ಹೋಗೋವಾಗ್ಲೂ ಹಾಡ್ತಾನೇನೇ?”

“ಮೊದಲಿಂದ ಹಾಡ್ತಾನಜ್ಜಿ,” ಎಂದೆ.