ಬಿಟ್ಟ ಸಾಲು

ಅಕ್ಕ ಎದ್ದು ನಿಂತು, ತಮ್ಮನ್ನೇ ತರಗತಿಯಿಂದ ಹೊರಗಿಡಬೇಕೆನ್ನುವ ಪ್ರಬಂಧವನ್ನು ಓದಲು ಶುರುಮಾಡಿದರು. ಬರೆದವಳು ಮುಂದಿನ ಬೆಂಚಿನ ಹುಡುಗಿ. ಎಂದೂ ಒಂದು ನಿಮಿಷ ತಡಮಾಡದ ಅವಳಿಗೆ ‘ಗಡಿಯಾರ’ ಎಂದೇ ಅಡ್ಡಹೆಸರು. ಇಂಗ್ಲಿಷ್ ಮೇಷ್ಟ್ರ ಬರವಣಿಗೆ ತರಗತಿಯ ಪದ್ಧತಿಯೇ ಹಾಗೆ: ಪ್ರಬಂಧವನ್ನು ಬರೆದವರು ಓದುವಂತಿಲ್ಲ, ಅದನ್ನು ಒಪ್ಪದವರೇ ಓದಬೇಕು. ಅದೂ ಹೇಗೆಂದರೆ, ಓದುತ್ತಿರುವುದು ಎದುರಾಳಿ ಎಂಬುದೇ ಕೇಳುವವರಿಗೆ ಮರೆತುಹೋಗಬೇಕು.

ಗಂಟೆ ಹೊಡೆದ ಮೇಲೆ ತರಗತಿಯ ಬಾಗಿಲಿಗೆ ಚಿಲಕ ಹಾಕಬೇಕೆ ಎಂಬುದು ಈ ವಾರದ ವಿಷಯ. ಓದು ಮುಗಿದ ಕೂಡಲೇ ಎಲ್ಲರೂ ಕೈ ಎತ್ತಿ ತೀರ್ಮಾನಿಸಬೇಕು, ನಾಳೆಯಿಂದ ಅದೇ ನಿಯಮ. “ಯಾರು ಒಪ್ಪಲ್ಲ?” ಎಂದು ನಿನ್ನೆ ಹಾಳೆ ಕೊಡುವ ಮುನ್ನ ಮೇಷ್ಟ್ರು ಕೇಳಿದಾಗ ಎದ್ದದ್ದು ಅಕ್ಕನ ಕೈ ಒಂದೇ. ದಿನವೂ ತಡವಾಗಿ ಬರುವುದೂ ಅವರೊಬ್ಬರೇ. ಮದುವೆಯಾಗಿ ಎಷ್ಟೋ ವರ್ಷಗಳ ನಂತರ ಮತ್ತೆ ಓದಲು ಬಂದವರು, ತರಗತಿಗೆಲ್ಲ ದೊಡ್ಡವರು, ಹಾಗಾಗಿ ಎಲ್ಲರಿಗೂ ಅಕ್ಕ. ಚಪ್ಪಲಿಯ ಸದ್ದಾಗಬಾರದೆಂದು ಅದನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಗೋಡೆಯ ಪಕ್ಕಕ್ಕೇ ನಡೆದು ಹಿಂದಿನ ಬೆಂಚು ಸೇರುತ್ತಿದ್ದರು. ಬಾಗಿಲು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ, ಕಿರ್ರೆಂದೇ ತೀರುತ್ತಿತ್ತು. ಇನ್ನು ಚಿಲಕ ಬಿದ್ದರೆ ಅವರಿಗೆ ಹಾಜರಿ ಸಾಲದು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅದು ಹುಡುಗಿಗೂ ಗೊತ್ತಿತ್ತು. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಜನ ತಮ್ಮ-ತಂಗಿಯರ ಗಲಾಟೆಯ ನಡುವೆ ಬೆಳೆದ ಅವಳಿಗೆ, ಒಬ್ಬರು ಮಾತಾಡಿ ಉಳಿದವರು ಕೇಳುವ ಹೊತ್ತು ಎಂದರೆ ಈ ತರಗತಿಯದೊಂದೇ.

ಅಕ್ಕನ ಇಂಗ್ಲಿಷ್ ನಿಧಾನದ್ದು. ಆದರೂ ಇವತ್ತು ಎಲ್ಲೂ ತಡವರಿಸಲಿಲ್ಲ. ಕಷ್ಟದ ಪದಗಳನ್ನು ಹೇಗೆ ಉಚ್ಚರಿಸಬೇಕೆಂದು ಮೊದಲೇ ಯಾರನ್ನೋ ಕೇಳಿ ಕಲಿತು ಬಂದಿದ್ದರು. “ಅರ್ಧಕ್ಕೆ ನಿಂತ ಮಾತು ಮತ್ತೆ ಅದೇ ಬಿಸಿಯಲ್ಲಿ ಹುಟ್ಟುವುದಿಲ್ಲ. ಬಾಗಿಲು ಸದ್ದುಮಾಡಿದಾಗಲೆಲ್ಲ ಒಂದು ಯೋಚನೆ ನಮ್ಮೆಲ್ಲರ ಕೈತಪ್ಪಿ ಹೋಗುತ್ತದೆ” ಎಂಬಲ್ಲಿ ತುಸು ನಿಂತು, ತಲೆಯೆತ್ತಿ ಎಲ್ಲರನ್ನೂ ನೋಡಿದರು, ಆ ಮಾತು ತಮ್ಮದೇ ಎನ್ನುವ ಹಾಗೆ. ಮುಂದಿನ ಬೆಂಚಿನಿಂದ ಹುಡುಗಿ ತಿರುಗಿ ನೋಡಿದಳು. ತಾನು ಬರೆದದ್ದು ಇಷ್ಟು ಚೆನ್ನಾಗಿದೆಯೆಂದು ಅವಳಿಗೇ ತಿಳಿದಿರಲಿಲ್ಲ.

“ಅಕ್ಕ, ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೋತಿದ್ದೀರಲ್ಲಾ!” ಎಂದು ಹಿಂದಿನಿಂದ ಒಬ್ಬ ಕೂಗಿದ.

“ಸುಮ್ನಿರಪ್ಪ, ಇನ್ನೂ ಒಂದು ಪುಟ ಇದೆ. ಬೀಳೋ ಕೊಡಲಿ ಪೂರ್ತಿ ಬೀಳ್ಲಿ,” ಎಂದರು ಅಕ್ಕ. ತರಗತಿ ಗೊಳ್ಳೆಂದಿತು.

ಕೊನೆಯ ಪುಟ ಮುಗಿಯುತ್ತಿದ್ದಂತೆ ಹುಡುಗಿ ದಡಕ್ಕನೆ ಎದ್ದಳು. “ಸರ್, ಇದು ಮೋಸ. ಅಕ್ಕ ಒಂದು ಸಾಲು ಹಾರಿಸಿಬಿಟ್ರು. ನಾನು ಬರೆದಿದ್ರಲ್ಲಿ ಗಟ್ಟಿ ಸಾಲು ಅಂದ್ರೆ ಅದೇ.”

ಮೇಷ್ಟ್ರು ಕನ್ನಡಕದ ಮೇಲಿನಿಂದ ಅಕ್ಕನತ್ತ ನೋಡಿದರು. “ಹೌದೇನಮ್ಮ?”

“ಹೌದು ಸರ್,” ಎಂದರು ಅಕ್ಕ, ಸಿಕ್ಕಿಬಿದ್ದವರಂತೆ.

“ಹಾಗಾದ್ರೆ ಆ ಒಂದು ಸಾಲು ನೀನೇ ಓದಿಬಿಡು ಮಗು.”

ಹುಡುಗಿ ಹಿಂದಿನ ಬೆಂಚಿನವರೆಗೆ ಹೋಗಿ, ಹಾಳೆಯನ್ನು ಕಿತ್ತುಕೊಳ್ಳುವಂತೆ ತೆಗೆದುಕೊಂಡು, ಅಲ್ಲೇ ನಿಂತು ಓದಿದಳು: “ಮನೆಯನ್ನೂ ಓದನ್ನೂ ಒಟ್ಟಿಗೆ ನಿಭಾಯಿಸಲಾಗದವರು ಮನೆಯಲ್ಲೇ...” ಬರೆಯುವಾಗ ಆ ಸಾಲು ಬಾಣದ ಹಾಗೆ ನೆಟ್ಟಗಿತ್ತು. ಈಗ, ಅಕ್ಕನ ಉಸಿರು ಕೇಳುವಷ್ಟು ಹತ್ತಿರದಲ್ಲಿ, ಅದರ ಬಾಲವನ್ನು ಓದದೆ ಹಾಳೆ ಕೆಳಗಿಳಿಸಿದಳು.

“...ಇರುವುದು ಒಳ್ಳೆಯದು,” ಎಂದು ಅಕ್ಕನೇ ಮುಗಿಸಿಕೊಟ್ಟರು.

“ಯಾಕೆ ಬಿಟ್ರಿ ಇದನ್ನ? ಬೇಜಾರಾಯ್ತಾ?” ಹುಡುಗಿಯ ದನಿ ಇಳಿದಿತ್ತು.

“ಆಗ್ದೇ ಇರುತ್ತಾ? ಆದ್ರೆ ಅದಕ್ಕಲ್ಲ ಬಿಟ್ಟಿದ್ದು. ನಿನ್ನ ಪರವಾಗಿ ಓದೋಕೆ ನಿಂತಿದ್ದೆನಲ್ಲ ತಾಯಿ. ಅಲ್ಲೀತನಕ ಎಲ್ರೂ ನಿನ್ನ ಕಡೆಗೇ ವಾಲ್ತಿದ್ರು. ಈ ಸಾಲು ಕೇಳಿದ್ರೆ ಅಯ್ಯೋ ಪಾಪ ಅಂತ ನನ್ನ ಕಡೆ ಬಂದುಬಿಡೋರು. ನೀನು ಸೋತುಹೋಗ್ತಿದ್ದೆ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಸರಿ, ಓದಾಯ್ತು. ಚಿಲಕ ಬೇಕು ಅನ್ನೋರು ಕೈ ಎತ್ತಿ.”

ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಅವನ್ನು ನೋಡಿ ಇನ್ನಷ್ಟು ಎದ್ದವು.

“ತಡೀರಿ ಸರ್, ಈಗಲೇ ಬೇಡ,” ಎಂದಳು ಹುಡುಗಿ.

“ಯಾಕಮ್ಮ? ನೋಡು, ಗೆಲ್ತಿದ್ದೀಯ.”

“ಗೆಲ್ಲಬಹುದು ಸರ್. ಆದ್ರೆ ಬಾಗಿಲಿನ ಸದ್ದು ನಂಗೆ ಗೊತ್ತಿತ್ತು, ಅದನ್ನ ಬರೆದೆ. ಬಾಗಿಲಿನ ಆಚೆಗಿರೋದು ಏನೇನೂ ಗೊತ್ತಿರಲಿಲ್ಲ, ಅದನ್ನೂ ಬರೆದುಬಿಟ್ಟಿದ್ದೀನಿ.”

ಎತ್ತಿದ ಕೈಗಳು ಏನು ಮಾಡುವುದೆಂದು ತಿಳಿಯದೆ ಅರ್ಧದಲ್ಲಿ ನಿಂತವು. ಹುಡುಗಿ ಹಾಳೆಯನ್ನು ಮಗುಚಿ ಬೆಂಚಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದಳು. ಅಕ್ಕ ತಮ್ಮ ಚೀಲವನ್ನು ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟರು.

“ಅಕ್ಕ, ನಿಮಗೆ ದಿನಾ ಯಾಕೆ ತಡ ಆಗುತ್ತೆ?”

ಆ ವರ್ಷವಿಡೀ ಆ ಕೋಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರೂ ಕೇಳಿರಲಿಲ್ಲ. ಅವರು ತಮ್ಮ ಕುರ್ಚಿಯನ್ನು ಮೆಲ್ಲಗೆ ಎತ್ತಿ ಹಿಂದಿನ ಬೆಂಚಿನ ಹತ್ತಿರ ತಂದು, ಕೇಳಲು ಕೂತರು.