ಮೆಣಸಿನಕಾಯಿ ಧೂಳು

ಮೈಲೇಶ ಕಾರಿನ ಏ.ಸಿ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದ. ಒಂದು ಗುಳ್ಳೆ ಎದ್ದು ಒಡೆಯಿತು, ಮತ್ತೊಂದು ಎದ್ದಿತು. ಹೋದ ತಿಂಗಳು ಹೊಸ ರಬ್ಬರ್ ರಿಂಗ್ ಸಿಗದೆ ಹಳೆಯದನ್ನೇ ಕೂರಿಸಿ ಅವನೇ ಬಿಗಿದಿದ್ದ ಜೋಡಣೆ ಅದು.

“ಮತ್ತ ಮೆಣಸಿನಕಾಯಿ ಧೂಳೇನೋ?” ಎಂದ ಕಾರಿನ ಒಡೆಯ, ಮೆಣಸಿನಕಾಯಿ ವ್ಯಾಪಾರಿ ಹಾಲೇಶಪ್ಪ. ಬ್ಯಾಡಗಿಯಲ್ಲಿ ಯಾವ ಗಾಡಿ ಕೆಟ್ಟರೂ ಮೆಕ್ಯಾನಿಕ್‌ಗಳು ಹೇಳುವುದು ಅದನ್ನೇ. ಹೋದ ಸಲ ಈ ಏ.ಸಿ. ತಂಪು ಕೊಡದಿದ್ದಾಗ ಮೈಲೇಶನೂ ಅದನ್ನೇ ಹೇಳಿದ್ದ.

ಈಗಲೂ ನೊರೆ ಒರೆಸಿ ಧೂಳೆಂದುಬಿಟ್ಟರೆ ಹಾಲೇಶಪ್ಪನ ಮೂರೂ ಗಾಡಿಗಳು ರಿಪೇರಿಗೆ ಬೇರೆ ಗ್ಯಾರೇಜಿಗೆ ಹೋಗುವುದಿಲ್ಲ. ಮೈಲೇಶ ಬಟ್ಟೆ ಎತ್ತಿಕೊಂಡವನು ಕೆಳಗಿಟ್ಟ. “ಬಗ್ಗಿ ನೋಡ್ರಿ ಸಾವ್ಕಾರ್ರ. ಗ್ಯಾಸ್ ಇಲ್ಲಿಂದ ಸೋರಾಕತ್ತೈತಿ. ತಪ್ಪು ನಂದು.”

ಹಾಲೇಶಪ್ಪ ಬಗ್ಗಿ ಗುಳ್ಳೆಗಳನ್ನು ನೋಡಿದ. “ಹಂಗಾರ ಕಾರಿನ್ಯಾಗ ಧೂಳು ಆಗ್ತೈತಂತ ಕಾರ್ ಬಿಟ್ಟು, ತಿಂಗಳತನಕ ಮೆಣಸಿನಕಾಯಿ ಸ್ಯಾಂಪಲ್ ಚೀಲ ಹೊತ್ಕೊಂಡು ಬಸ್ಸಿನ್ಯಾಗ ಅಡ್ಡಾಡಿದ್ದು ದಂಡೇನಲೇ? ಹೊಸ ರಿಂಗ್ ತರಸು. ಅಲ್ಲೀತನಕ ಚೀಲ ಹೊರಾಕ ನೀನ ಬಾ.”